ಸಣ್ಣ ಮಾಡಿ ಕೇಳಿದ ಹಾಡು

"ಟೀಚರ್ರೇ, ಒಂದು ಚಮಚ ಹೆಪ್ಪು ಇದ್ರೆ ಕೊಡ್ರಿ" ಎಂದು ಆಚೆಮನೆ ಅಕ್ಕಾರು ಕಾಂಪೌಂಡಿನ ಮೇಲೆ ಬಟ್ಟಲು ಇಟ್ಟರೆಂದರೆ, ಮುಂದಿನ ಮುಕ್ಕಾಲು ಗಂಟೆ ನನ್ನ ಒಲೆಯ ಮೇಲಿನ ಸಾರಿಗೆ ದೇವರೇ ಗತಿ. ದಾವಣಗೆರೆಯ ನಮ್ಮ ಓಣಿಯಲ್ಲಿ ಮನೆಮನೆಯ ನಡುವೆ ಎದೆಮಟ್ಟದ ಗೋಡೆ. ಕಟ್ಟಿದ ಮೇಸ್ತ್ರಿ ಹರಟೆಯ ಹುಚ್ಚಿನವನೇ ಇರಬೇಕು. ಮೊಣಕೈ ಊರಲೆಂದೇ ಅಳತೆ ಹಿಡಿದು ನಿಲ್ಲಿಸಿದ ಹಾಗಿದೆ.

ಮೊನ್ನೆ ಅಕ್ಕಾರಿಗೆ ಮೊಮ್ಮಗಳ ಮೇಲೆ ಸಿಟ್ಟು. ಹುಡುಗಿ ಗೋಡೆಗೆ ಟೇಲರ್ ಸ್ವಿಫ್ಟ್ ಚಿತ್ರ ಅಂಟಿಸಿದ್ದಾಳೆ, ಕಿತ್ತರೆ ಸುಣ್ಣವೂ ಜತೆಗೇ ಬರುತ್ತದೆ.

"ಆಕಿ ಎರಡು ವರ್ಷ ದೇಶ ದೇಶ ತಿರುಗಿ 149 ಶೋ ಮಾಡ್ಯಾಳಂತೆ. ಇದನ್ನ ನನಗೆ ಬಂದು ಹೇಳ್ತಾಳ್ರಿ! ನಮ್ಮ ನಾಟಕ ಕಂಪನಿಯೋರು ಒಂದೇ ಊರಾಗೆ ಟೆಂಟ್ ಹೊಡೆದು ಅಷ್ಟು ಆಟ ಆಡ್ತಿದ್ರು. ಹೋಗ್ಲಿ, ಈ ಪಾಪ್ ಹಾಡು ಅಂದ್ರೆ ಏನು?"

"ದೊಡ್ಡವರು ಬೇಡ ಅಂತಾರೆ, ಹುಡುಗರು ಕುಣೀತಾರೆ. ಅಂಥ ಹಾಡು" ಎಂದೆ.

ಅಕ್ಕಾರು ಆಚೀಚೆ ನೋಡಿದರು. ದನಿ ತಗ್ಗಿಸಿದರು. "ಹಂಗಾದ್ರೆ ನಮಗೂ ಒಬ್ರಿದ್ರಲ್ರಿ, ಎಲ್.ಆರ್. ಈಶ್ವರಿ!"

ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಆ ಹೆಸರಿಗೆ ದನಿ ತಗ್ಗಿಸುವುದು ಅವರಿಗೆ ಐವತ್ತು ವರ್ಷದ ಅಭ್ಯಾಸ. ಅವರ ತವರು ಹರಿಹರ, ಅಪ್ಪ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದವರು. ಗೂಡಿನಲ್ಲಿ ರೇಡಿಯೊ. 1970ರ 'ಪರೋಪಕಾರಿ' ಚಿತ್ರದ ಆ 'ಜೋಕೆ' ಹಾಡು ಶುರುವಾದರೆ ಅಪ್ಪ ಕೆಮ್ಮುತ್ತಿದ್ದರಂತೆ, ಎದ್ದು ಹೋಗಿ ಗುಂಡಿ ತಿರುಗಿಸುತ್ತಿದ್ದರಂತೆ.

"ಆಫ್ ಮಾಡ್ತಿರ್ಲಿಲ್ಲ ನೋಡ್ರಿ. ಸಣ್ಣ ಮಾಡ್ತಿದ್ರು, ಅಷ್ಟೆ."

ಆಗಿನ ಸಿನಿಮಾದಲ್ಲಿ ಕೆಲಸ ಹಂಚಿಕೆಯಾಗಿತ್ತು. ನಾಯಕಿ ತುಳಸಿಕಟ್ಟೆ ಸುತ್ತಿದರೆ ಪಿ. ಸುಶೀಲಾ, ಎಸ್. ಜಾನಕಿ, ಖಳನಾಯಕನ ಅಡ್ಡೆಯಲ್ಲಿ ಗಾಜಿನ ಲೋಟ ಕಂಡರೆ ಈಶ್ವರಿ. ಸಲೀಲ್ ಚೌಧರಿ ಸಂಗೀತ ಕೊಟ್ಟ 'ಸಂಶಯ ಫಲ'ದಲ್ಲೂ (1971) ಅವರ ದನಿ ಕೇಳಿದವರಿಗೆ ಇದು ಗೊತ್ತು. ಬೇರೆಯವರು ಹಾಡಿದರೆ, ಈಕೆ ಹಾಡಿನ ನಡುವೆ ನಗುತ್ತಿದ್ದರು, ಬಿಕ್ಕುತ್ತಿದ್ದರು, ಅಮಲೇರಿದಂತೆ ತೊದಲುತ್ತಿದ್ದರು. ಎಲ್ಲವೂ ತಾಳಕ್ಕೆ ಸರಿಯಾಗಿ. ವಾದ್ಯದವರು, ಹಾಡುವವರು ಒಟ್ಟಿಗೆ ನಿಂತು ಒಂದೇ ಉಸಿರಿಗೆ ಧ್ವನಿಮುದ್ರಣ ಮುಗಿಸುತ್ತಿದ್ದ ಕಾಲ ಅದು. ಒಂದು ನಗು ಅರ್ಧ ಮಾತ್ರೆ ತಪ್ಪಿದರೂ ಪಿಟೀಲಿನವರಿಂದ ಹಿಡಿದು ಎಲ್ಲರೂ ಮೊದಲಿನಿಂದ ನುಡಿಸಬೇಕು. ಅಷ್ಟು ಕಟ್ಟುನಿಟ್ಟಾಗಿ ಕುಡುಕಿಯಾಗುವುದೇನು ಸುಮ್ಮನೆ ಮಾತೇ?

ಪಾಠ ಹೇಳುವ ಚಟ ನಿವೃತ್ತಿಯಾದರೂ ಬಿಡದು. ನಾನು ಶುರು ಮಾಡಿದೆ. 1939ರಲ್ಲಿ ಮದ್ರಾಸಿನ ಬಡ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಲೂರ್ದ್ ಮೇರಿ ರಾಜೇಶ್ವರಿ. ತಾಯಿ ಸಿನಿಮಾ ಕೋರಸ್ಸಿನಲ್ಲಿ ಹಾಡಿ ಮನೆ ನಡೆಸಿದವರು. ಅಮ್ಮನ ಸೆರಗು ಹಿಡಿದು ಸ್ಟುಡಿಯೊಗೆ ಹೋದ ಹುಡುಗಿ 1954ರ 'ಮನೋಹರ'ದಲ್ಲಿ ಗುಂಪಿನಲ್ಲಿ ನಿಂತು ಹಾಡಿದಳು. 1958ರಲ್ಲಿ ಕೆ.ವಿ. ಮಹದೇವನ್ 'ನಲ್ಲ ಇಡತ್ತು ಸಂಬಂಧಂ' ಚಿತ್ರದಲ್ಲಿ ಮುಂದೆ ಕರೆದು ನಿಲ್ಲಿಸಿದರು. ಆ ಹೊತ್ತಿಗೆ ಎಂ.ಎಸ್. ರಾಜೇಶ್ವರಿ ಎಂಬ ಗಾಯಕಿ ಹೆಸರು ಮಾಡಿದ್ದರು. ಹಾಗಾಗಿ ಈಕೆಯ 'ರಾಜ' ಹೋಗಿ ಈಶ್ವರಿ ಉಳಿಯಿತು. 1961ರ 'ಪಾಸಮಲರ್' ಚಿತ್ರದಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆವ ಹಾಡು ತಮಿಳರ ಮದುವೆಮನೆಗಳನ್ನೆಲ್ಲ ಹೊಕ್ಕಿತು. 1969ರ 'ಶಿವಂದ ಮಣ್'ನಲ್ಲಿ ಚಾಟಿಯೇಟಿಗೆ ತಕ್ಕಂತೆ ಚೀರುತ್ತಲೇ ಹಾಡಿದರು.

"ಮದುವಿ ಹಾಡು ಹಾಡಿದಾಕಿನ್ನ ಕರಕೊಂಡೋಗಿ ಕ್ಲಬ್ಬಿನಾಗೆ ನಿಲ್ಸಿದ್ರಲ್ರಿ!" ಅಕ್ಕಾರು ಲೊಚಗುಟ್ಟಿದರು.

"ಅಲ್ಲೇ ನಿಲ್ಲಲಿಲ್ಲ. ಆಮೇಲೆ ಮಾರಿಯಮ್ಮನ ಹಾಡು ಹಾಡಿದರು. ತಮಿಳುನಾಡಿನ ಅಮ್ಮನ ಗುಡಿಗಳಲ್ಲಿ ಆಷಾಢ ಬಂತೆಂದರೆ ಮೈಕಿನಲ್ಲಿ ಇವರದೇ ದನಿ. ಹುಟ್ಟಿದ್ದು ಚರ್ಚಿನವರ ಮನೆಯಲ್ಲಿ, ನೋಡ್ರಿ ವಿಚಿತ್ರ" ಎಂದು ಕಣ್ಣರಳಿಸಿದೆ.

ಅಕ್ಕಾರಿಗೆ ಏನೂ ಅನ್ನಿಸಲಿಲ್ಲ. "ಅದ್ರಾಗೇನೈತ್ರಿ ವಿಚಿತ್ರ? ಸೆಪ್ಟೆಂಬರ್ 8ಕ್ಕೆ ನಮ್ಮವ್ವ ಆರೋಗ್ಯ ಮಾತೆಗೆ ಮೇಣದಬತ್ತಿ ಹಚ್ಚಿ, ಬರ್ತಾ ಹರಿಹರೇಶ್ವರನ ಗುಡಿಗೆ ಹಣ್ಣುಕಾಯಿ ಮಾಡಿಸ್ತಿದ್ಲು. ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ. ಅದನ್ನ ನೋಡ್ಕೊಂಡೇ ಬೆಳ್ದೋರು ನಾವು."

ಹದಿಮೂರನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಎಂದು ಸೇರಿಸಲು ಬಾಯಿ ತೆರೆದವಳು ಸುಮ್ಮನಾದೆ. ನನ್ನ ವಿಚಿತ್ರವನ್ನು ಅಕ್ಕಾರು ಕರಿಬೇವಿನ ಕಡ್ಡಿಯಂತೆ ತೆಗೆದು ತಟ್ಟೆಯಂಚಿಗೆ ಇಟ್ಟಾಗಿತ್ತು.

ನನಗೊಂದು ರಾತ್ರಿ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ. ಮನೆ ತುಂಬ ನೆಂಟರು, ಬೀದಿ ತುಂಬ ಮಂಡಕ್ಕಿ ಮೆಣಸಿನಕಾಯಿ. ಆರ್ಕೆಸ್ಟ್ರಾದ ಹುಡುಗಿ ಅದೇ 'ಜೋಕೆ' ಎತ್ತಿಕೊಂಡಳು. ಸಭ್ಯರು ಎದ್ದು ಹೋಗಬಹುದು ಅಂದುಕೊಂಡೆ. ಮುಂದಿನ ಸಾಲಿನ ರುಮಾಲಿನ ಯಜಮಾನರು ಒನ್ಸ್‌ಮೋರ್ ಅಂದರು! ರೇಡಿಯೊ ಸಣ್ಣ ಮಾಡಿದ ಅಪ್ಪಂದಿರೆಲ್ಲ ಅಲ್ಲೇ ಕೂತಿದ್ದರೇನೋ. ಮನೆಯೊಳಗೆ ಮರ್ಯಾದೆ, ಜಾತ್ರೆಯಲ್ಲಿ ಅಮ್ಮನ ಸೇವೆ.

"ಈಗ ಹಾಡ್ತಾರೇನ್ರಿ?"

"ಎಪ್ಪತ್ತು ದಾಟಿದ ಮೇಲೆ, 2011ರಲ್ಲಿ, 'ಒಸ್ತಿ' ಅಂತ ತಮಿಳು ಚಿತ್ರಕ್ಕೆ ಹಾಡಿದರು. ಕಾಲೇಜು ಹುಡುಗರು ಕುಣಿದರು."

ಅಕ್ಕಾರು ಸೊಂಟ ನೆಟ್ಟಗೆ ಮಾಡಿಕೊಂಡು ತಮ್ಮ ವಯಸ್ಸನ್ನು ಎಣಿಸಿದಂತಿತ್ತು. ಅಷ್ಟರಲ್ಲಿ ನನ್ನ ಸಾರು ಸೀದ ವಾಸನೆ. ಹೆಪ್ಪು ತಂದುಕೊಟ್ಟು ಒಳಗೆ ಓಡಿದೆ. ಅವರ ಹಾಲೂ ಆರಿಹೋಗಿರಬೇಕು, ಮತ್ತೆ ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಬೇಕು.

ಸಂಜೆ ಗಿಡಕ್ಕೆ ನೀರು ಹಾಕುವಾಗ ಆಚೆಯಿಂದ ಮೊಬೈಲಿನ ಸದ್ದು. ಟೇಲರ್ ಅಲ್ಲ, ಮೊಮ್ಮಗಳ ಕೈಯಲ್ಲಿ ಹುಡುಕಿಸಿದ ಈಶ್ವರಿ. ಗೇಟಿನಲ್ಲಿ ಮಗನ ಸ್ಕೂಟರ್ ನಿಂತಿತು. ಹುಡುಗಿ ಅಪ್ಪನಿಗೆ ಹೆದರಿ ಸಣ್ಣ ಮಾಡಿರಬೇಕು, ಹಾಡು ಕುಗ್ಗಿತು. ಹಿಂದೆಯೇ ಅಕ್ಕಾರ ದನಿ, ಓಣಿಗೆಲ್ಲ ಕೇಳುವಂತೆ:

"ಯಾಕೆ ಸಣ್ಣ ಮಾಡ್ದೆ? ಇಡೇ ದೊಡ್ಡದಾಗಿ!"