ಹೊಲಸು ಬಿಡುವ ಶಾಸ್ತ್ರ

ಸಾಬೂನಿನ ಅಣುವಿಗೆ ಎರಡು ತುದಿ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಎಣ್ಣೆ ಮೆಚ್ಚುವ ತುದಿ ಬಟ್ಟೆಯ ಜಿಡ್ಡಿಗೆ ನಾಟಿಕೊಳ್ಳುತ್ತದೆ. ನೀರು ಮೆಚ್ಚುವ ತುದಿ ಆ ಜಿಡ್ಡನ್ನು ಎಳೆದುಕೊಂಡು ಬಚ್ಚಲಿನ ದಾರಿ ಹಿಡಿಯುತ್ತದೆ. ಎಲ್ಲ ಪಠ್ಯಪುಸ್ತಕಗಳಲ್ಲೂ ಹೀಗೇ ನಡೆಯುತ್ತದೆ. ಮಸ್ಕಿ ಸೀಮೆಯ ಸವಳು ನೀರಿನ ಬೋರ್‌ವೆಲ್ ಮುಂದೆ ಮಾತ್ರ ನಡೆಯುವುದಿಲ್ಲ.

ಸವಳು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನನ್ನು ಕಂಡಲ್ಲೇ ಹಿಡಿದು, ಕರಗದ ಬೂದು ಗಸಿಯನ್ನಾಗಿ ಮಾಡಿ ಬಕೆಟ್ಟಿನ ಅಂಚಿಗೆ ಬಳಿಯುತ್ತವೆ. ಅಷ್ಟೂ ಕ್ಯಾಲ್ಸಿಯಂನ ಬಾಯಿ ತುಂಬಿದ ಮೇಲೆಯೇ ನೊರೆ ಏಳಬೇಕು. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಇರುವಷ್ಟು ದಿನ ನೆಟ್ಟಗೆ ನೊರೆ ಕೊಡುವ ಸಾಬೂನು, ಕಾಲುವೆ ಬಂದಾಗಿ ಬೋರ್ ನೀರು ಶುರುವಾದೊಡನೆ ಕಲ್ಲಿನಂತಾಗುತ್ತದೆ. ಬೈಗುಳ ಬೀಳುವುದು ಕಿರಾಣಿ ಅಂಗಡಿಯವನಿಗೆ.

ಡಿಟರ್ಜೆಂಟ್ ಪುಡಿಯ ಮುಖ್ಯ ಪದಾರ್ಥ ಸವಳು ನೀರಿಗೆ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಅದರ ಜೊತೆಗೆ ಸೋಡಾ ಇರುತ್ತದೆ. 1969ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ನಿರ್ಮಾದಂಥ ಅಗ್ಗದ ಪುಡಿಗಳಲ್ಲಿ ಸೋಡಾದ ಪಾಲು ದೊಡ್ಡದು. ಅದು ಕ್ಯಾಲ್ಸಿಯಂ ಅನ್ನು ಕಾರ್ಬೊನೇಟ್ ರೂಪದಲ್ಲಿ ತಳಕ್ಕೆ ಕೂರಿಸಿ, ನೀರನ್ನು ಕ್ಷಾರವಾಗಿಸುತ್ತದೆ; ಕೈಯನ್ನೂ ಸುಡುತ್ತದೆ. ಅಗಸರು ಹಿಂದೆ ಇದೇ ಕೆಲಸಕ್ಕೆ ಸವಳು ಮಣ್ಣನ್ನು ತರುತ್ತಿದ್ದರು. ಆದರೆ ಕಾಲುವೆ ನೀರು ಬಸಿಯದೆ ನಿಂತ ತಗ್ಗು ಹೊಲಗಳಲ್ಲಿ ಉಪ್ಪು ಮೇಲೆದ್ದು ಬೆಳ್ಳಗೆ ಹರಡಿದಾಗ ಅದನ್ನು ತೊಳೆಯುವ ಪುಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಭತ್ತ ಸುಮ್ಮನೆ ಸಾಯುತ್ತದೆ.

ಎರೆಮಣ್ಣಿನ ಕಲೆಯದು ಬೇರೆ ಕಥೆ. ಎರೆಯ ಕಣ ಅತಿ ಸಣ್ಣದು, ಅದರ ಮೇಲೆ ಋಣ ವಿದ್ಯುದಂಶ. ನೆನೆದ ಹತ್ತಿ ಬಟ್ಟೆಯ ಮೇಲೂ ಅದೇ. ಎರಡೂ ಒಂದನ್ನೊಂದು ದೂರ ತಳ್ಳಬೇಕು. ಆದರೆ ಕ್ಯಾಲ್ಸಿಯಂ ಎಂಬ ದಲ್ಲಾಳಿ ನಡುವೆ ನಿಂತು ಇಬ್ಬರ ಕೈಯನ್ನೂ ಹಿಡಿದು ವ್ಯವಹಾರ ಕುದುರಿಸುತ್ತಾನೆ. ಸೋಡಾ ಈ ದಲ್ಲಾಳಿಯನ್ನು ಎತ್ತಂಗಡಿ ಮಾಡುತ್ತದೆ. ಬಿಟ್ಟ ಮಣ್ಣು ತಿರುಗಿ ಬಟ್ಟೆಗೆ ಕೂರದಂತೆ ಪುಡಿಯಲ್ಲಿ ಚೂರು ಸೆಲ್ಯುಲೋಸ್ ಅಂಟನ್ನೂ ಬೆರೆಸಿರುತ್ತಾರೆ. ಟಿವಿ ಜಾಹೀರಾತಿನ ಹುಡುಗ ಬೀಳುವ ಕೆಸರು ಮಾತ್ರ ಎರೆಯದ್ದಲ್ಲ. ನಾಟಿ ಗದ್ದೆಯಿಂದ ಬಂದ ಪಂಚೆಯನ್ನು ಆ ಜಾಹೀರಾತಿನವರ ಕೈಗೆ ಒಮ್ಮೆ ಕೊಟ್ಟು ನೋಡಬೇಕು.

ನೀಲಿ ಏನನ್ನೂ ತೊಳೆಯುವುದಿಲ್ಲ. ಹಳದಿಗೆ ತಿರುಗಿದ ಬಿಳಿ ಬಟ್ಟೆಗೆ ನೀಲಿಯ ಛಾಯೆ ಕೊಟ್ಟು ಕಣ್ಣಿಗೆ ಮೋಸ ಮಾಡುತ್ತದೆ. ಚುನಾವಣೆಯ ಹೊತ್ತಿಗೆ ಇದರ ಖರ್ಚು ಹೆಚ್ಚು.

ಇನ್ನು ಆಸಿಡ್. ನಳದ ಬಾಯಿಗೆ ಗಟ್ಟಿಯಾಗಿ ಕೂತ ಬಿಳಿ ಪೊರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಅದು ಕರಗಿ, ಇಂಗಾಲದ ಡೈಆಕ್ಸೈಡ್ ನೊರೆನೊರೆಯಾಗಿ ಹೊರಡುತ್ತದೆ. ಪಾಯಿಖಾನೆ ತೊಳೆಯುವ ಬಾಟಲಿಗಳಲ್ಲಿ ಈ ಆಮ್ಲ ಸುಮಾರು ಶೇಕಡ 10ರಷ್ಟಿರುತ್ತದೆ, ಜಾರದೆ ಅಂಟಿಕೊಳ್ಳಲೆಂದು ದಪ್ಪಗೊಳಿಸಿರುತ್ತಾರೆ. ಇಷ್ಟನ್ನು ಲೇಬಲ್ ಓದಿ ತಿಳಿದವರು ಅಲ್ಲಿಗೆ ನಿಲ್ಲುವುದು ವಾಡಿಕೆ. ಲಿಂಗಸುಗೂರು ಸೀಮೆಯ ಹಳೆ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಪರಸಿ ಸುಣ್ಣದ ಕಲ್ಲು, ಎಂದರೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಎಂಬುದು ಲೇಬಲ್ಲಿನಲ್ಲಿ ಇರುವುದಿಲ್ಲ.

ಮಗಳನ್ನು ನೋಡಲು ಬೀಗರು ಬರುವ ಹಿಂದಿನ ದಿನ ಯಜಮಾನನೆಂಬ ಪ್ರಾಣಿ ಪ್ಯಾಂಟು ಮಡಚಿ, ಪಡಸಾಲೆಯ ಪರಸಿಯ ಮೇಲೆ ಆಸಿಡ್ ಸುರಿಯುತ್ತದೆ. ಸುಯ್ ಎನ್ನುತ್ತದೆ. ನೊರೆ ಉಕ್ಕುತ್ತದೆ. ಯಜಮಾನನ ಮುಖದಲ್ಲಿ ವಿಜಯದ ಕಳೆ. ‘ಏ, ಬಾರ ಇಲ್ಲಿ! ಎಷ್ಟು ಹೊಲಸು ಬಿಡಾಕತ್ತೈತಿ ನೋಡು!’ ಮತ್ತಷ್ಟು ಸುರಿಯುತ್ತಾನೆ. ಮತ್ತಷ್ಟು ನೊರೆ; ಅಂದರೆ ಇನ್ನೂ ಹೊಲಸಿದೆ ಎಂದಾಯಿತು. ತಿಕ್ಕುತ್ತಾನೆ, ತೊಳೆಯುತ್ತಾನೆ, ಪರೀಕ್ಷೆಗೆಂದು ಮೂಲೆಯಲ್ಲಿ ನಾಲ್ಕು ಹನಿ ಬಿಡುತ್ತಾನೆ. ಅಲ್ಲೂ ನೊರೆ! ಅಪ್ಪ, ಅಜ್ಜ ಯಾರೂ ಈ ನೆಲವನ್ನು ಒಮ್ಮೆಯೂ ನೆಟ್ಟಗೆ ತೊಳೆದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ. ಪಕ್ಕದ ಮನೆಯವರೂ ಬಂದು ನಿಂತು ‘ಹೌದ್ ನೋಡ್ರೀ’ ಎನ್ನುತ್ತಾರೆ. ತರ್ಕದಲ್ಲಿ ದೋಷವೇ ಇಲ್ಲ. ಕಲ್ಲು ಇರುವಷ್ಟು ಕಾಲ ನೊರೆ ಬರುತ್ತದೆ, ನೊರೆ ಬರುವಷ್ಟು ಕಾಲ ಆಸಿಡ್ ಸುರಿಯಬೇಕಾಗುತ್ತದೆ. ಈ ಶುಚಿತ್ವ ಕೊನೆಗಾಣುವುದು ಬಾಟಲಿ ಖಾಲಿಯಾದಾಗ ಅಥವಾ ಕೆಳಗಿನ ಮಣ್ಣು ಕಂಡಾಗ. ಬಾಗಿಲಲ್ಲಿ ನಿಂತ ಹೆಂಡತಿ ಹೇಳುವುದು ಒಂದೇ ಮಾತು: ‘ಹೊಲಸಲ್ರೀ ಅದು, ಪರಸಿ.’ ಒಣಗಿದ ಮೇಲೆ ಹೊಳಪು ಹೋಗಿ ಬೆಳ್ಳನೆಯ ಮಚ್ಚೆ ಉಳಿಯುತ್ತದೆ. ಬೀಗರು ಬಂದಾಗ ಅದರ ಮೇಲೆ ಜಮಖಾನ ಇರುತ್ತದೆ.

ಗ್ರಾನೈಟ್ ಜಾತಿಯ ಕಲ್ಲಿಗೆ ಈ ಆಮ್ಲದ ಪರಿವೆಯಿಲ್ಲ, ಅದು ಸಿಲಿಕೇಟು. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನ ಕೆತ್ತಿರುವುದು ಅಂಥ ಗಟ್ಟಿ ಬಂಡೆಯ ಮೇಲೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಕಂಡಾಗಲೂ ಅಕ್ಷರಗಳು ಓದುವಂತಿದ್ದವು. ಲಿಂಗಸುಗೂರು ತಾಲ್ಲೂಕಿನದೇ ಆದ ಹಟ್ಟಿಯ ಚಿನ್ನವೂ ಈ ಆಮ್ಲಕ್ಕೆ ಜಗ್ಗುವುದಿಲ್ಲ. ಆದರೂ ಪತ್ತಾರರು ಒಡವೆ ತೊಳೆಯುತ್ತಿದ್ದುದು ಅಂಟವಾಳಕಾಯಿಯ ನೀರಿನಲ್ಲಿ. ಅದರ ಸಪೋನಿನ್ ಮೆತ್ತಗೆ ನೊರೆ ಎಬ್ಬಿಸಿ ಜಿಡ್ಡು ಬಿಡಿಸುತ್ತದೆ.

ಬ್ಲೀಚಿಂಗ್ ಪುಡಿ ತೊಳೆಯುವುದಕ್ಕಿಂತ ಹೆಚ್ಚಾಗಿ ಕೊಲ್ಲುತ್ತದೆ. ನೀರಿನಲ್ಲಿ ಅದು ಬಿಡುವ ಹೈಪೋಕ್ಲೋರಸ್ ಆಮ್ಲ ರೋಗಾಣುಗಳ ಮೈಯನ್ನೇ ಸುಟ್ಟುಬಿಡುತ್ತದೆ. ಬಾಯಿ ತೆರೆದ ಚೀಲ ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಮಂತ್ರಿಗಳು ಬರುವ ದಿನ ಚರಂಡಿಯ ಬದಿಗೆ ಎಳೆಯುವ ಗೆರೆಗೆ ಅದೂ ಸಾಕು. ಆದರೆ ಒಂದು ವಿಷಯದಲ್ಲಿ ತಮಾಷೆ ಇಲ್ಲ. ಎರಡು ಔಷಧ ಸೇರಿದರೆ ಗುಣ ಇಮ್ಮಡಿ ಎಂದು ಸಲಹೆ ಕೊಡುವ ಜನ ಎಲ್ಲ ಓಣಿಯಲ್ಲೂ ಇದ್ದಾರೆ. ಬ್ಲೀಚಿಂಗ್ ಪುಡಿಗೆ ಆಸಿಡ್ ಬೆರೆತರೆ ಹುಟ್ಟುವುದು ಕ್ಲೋರಿನ್ ಅನಿಲ. ಬೀಡನ್ ಮಸ್ಕಿಯ ಬಂಡೆಯನ್ನು ಕಂಡ ಅದೇ 1915ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಬೆಲ್ಜಿಯಂನ ಈಪ್ರ್ ಬಳಿ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಇದನ್ನು ಉಸಿರಾಡುವವರು ಹೆಚ್ಚಾಗಿ ಹೆಂಗಸರು, ಕೂಲಿಗೆ ಬಂದವರು. ಬಿಡಿ ಆಸಿಡ್ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲೇ ಕಡಿವಾಣ ಹಾಕಿದೆ. ಅದನ್ನು ತಂಪು ಪಾನೀಯದ ಹಳೆ ಬಾಟಲಿಯಲ್ಲಿ ತುಂಬಿ, ಮಕ್ಕಳ ಕೈಗೆಟಕುವಲ್ಲಿ ಇಡುವವರಿಗೆ ಕಡಿವಾಣ ಹಾಕಿದವರು ಇಲ್ಲ.

ಫಿನಾಯಿಲ್ ನೀರಿಗೆ ಬಿದ್ದೊಡನೆ ಹಾಲಿನಂತಾಗುವುದು ಎಣ್ಣೆಯ ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದ. ಬಿಳುಪಿಗೂ ರೋಗಾಣು ಸಾಯುವುದಕ್ಕೂ ನೇರ ಸಂಬಂಧವಿಲ್ಲ. ‘ಬೆಳ್ಳಗಾಗಂಗಿಲ್ಲ, ಡೂಪ್ಲಿಕೇಟ್ ಐತಿ’ ಎಂದು ಬಾಟಲಿ ವಾಪಸ್ ಕೊಡುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ.

ಮುಸುರೆ ತಿಕ್ಕುವ ಪುಡಿಗಳಲ್ಲಿ ದುಡಿಯುವುದು ನುಣ್ಣಗೆ ಅರೆದ ಕಲ್ಲು. ರೈಸ್ ಮಿಲ್ಲಿನ ಹೊಟ್ಟಿನ ಬೂದಿಯಲ್ಲೂ ಬಹುಪಾಲು ಸಿಲಿಕಾವೇ ಇರುವುದರಿಂದ ಸಿಂಧನೂರಿನಲ್ಲಿ ಆ ಕೆಲಸ ಪುಕ್ಕಟೆ ಆಗುತ್ತದೆ. ತಾಮ್ರದ ಕೊಡದ ಕಪ್ಪಿಗೆ ಮಾತ್ರ ಹುಣಸೆಹಣ್ಣೇ ಬೇಕು. ಅದರ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ಪುಡಿ, ಬಾಟಲಿಗಳಲ್ಲಿ ಉಳಿದವು ಬಣ್ಣ ಮತ್ತು ಪರಿಮಳ. ಅವು ಯಾವ ಹೊಲಸನ್ನೂ ಬಿಡಿಸುವುದಿಲ್ಲ. ಬಾಟಲಿ ಕೊಳ್ಳುವವರು ಮೊದಲು ಮುಚ್ಚಳ ತೆಗೆದು ಮೂಸಿ ನೋಡುವುದು ಅವನ್ನೇ.