ಕ್ರೀಮು ಮೊದಲೋ, ಜಾಮು ಮೊದಲೋ

ಇಂಗ್ಲೆಂಡಿನಲ್ಲಿ ಇಂಗ್ಲಿಷರಿಗಿಂತ ಒಂದು ಕೈ ಹೆಚ್ಚು ಇಂಗ್ಲಿಷರಾಗಿರುವವರು ನಮ್ಮವರೇ. ಅಂಥವರೊಬ್ಬರು ಷಡ್ಡಕರಾಗಿ ನನ್ನ ಪಾಲಿಗೆ ಬಂದಿದ್ದಾರೆ. ಸಕಲೇಶಪುರದವರು, ಡೆವನ್‌ನಲ್ಲಿ ಹೃದಯದ ಡಾಕ್ಟರಾಗಿದ್ದು ನಿವೃತ್ತರಾದವರು. ತಮ್ಮ ಕಾಲು ತುಳಿದವನಿಗೇ 'ಸಾರಿ' ಎನ್ನುತ್ತಾರೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ ಮೊದಲು ನಾಯಿಯ ಯೋಗಕ್ಷೇಮ, ಆಮೇಲೆ ಯಜಮಾನನದು. ಇವನ್ನೆಲ್ಲ ಸಹಿಸಬಹುದು. ಅವರ ಜೊತೆ ಟೀ ಕುಡಿಯಲು ಹೋಗುವುದಿದೆಯಲ್ಲ, ಅದು ಕಷ್ಟ.

ಡಾರ್ಟ್ ಹೊಳೆಯ ದಡದ ಪುಟ್ಟ ಊರು ಟಾಟ್ನೆಸ್. ಸಮುದ್ರದ ಉಬ್ಬರವಿಳಿತ ಅಲ್ಲಿಯವರೆಗೂ ಬರುತ್ತದೆ. ನಾವು ಹೋದಾಗ ಇಳಿತ; ದೋಣಿಗಳು ಕೆಸರಿನ ಮೇಲೆ ವಾಲಿಕೊಂಡಿದ್ದವು. ಕಿಟಕಿಯ ಪಕ್ಕದ ಮೇಜಿಗೆ ಉಣ್ಣೆಯ ಕುಲಾವಿ ತೊಟ್ಟ ಟೀಪಾಟು ಬಂತು. ಹಿಂದೆಯೇ ಬಿಸಿ ಸ್ಕೋನು, ಜಾಮು, ಗಟ್ಟಿ ಕೆನೆಯಂಥ ಕ್ಲಾಟೆಡ್ ಕ್ರೀಮು. ನಾನು ಜಾಮಿಗೆ ಕೈ ಹಾಕಿದೆ.

"ಕೈ ತೆಗಿ! ಇದು ಡೆವನ್ನು ಕಣಯ್ಯಾ. ಇಲ್ಲಿ ಮೊದಲು ಕ್ರೀಮು, ಮೇಲೆ ಜಾಮು. ಜಾಮು ಮೊದಲು ಬೇಕಿದ್ದರೆ ಟೇಮರ್ ಹೊಳೆ ದಾಟಿ ಕಾರ್ನ್‌ವಾಲಿಗೆ ಹೋಗು."

ಫೋನಿನಲ್ಲಿ ನನಗೆ ತುಪ್ಪ ಬಿಡಿಸಿದ ಪುಣ್ಯಾತ್ಮರು, ಕನಿಷ್ಠ 55 ಭಾಗ ಕೊಬ್ಬಿರುವ ಆ ಕ್ರೀಮನ್ನು ಚಮಚ ತುಂಬಿ ನನ್ನ ತಟ್ಟೆಗೆ ಬಡಿಸಿದರು. ಸಕ್ಕರೆ ಕೇಳಿದ್ದೇ ತಡ, ಅವರ ಬಾಯಲ್ಲಿ ಲೇಖಕ ಆರ್ವೆಲ್ ಬಂದ. ಒಳ್ಳೆಯ ಟೀಗೆ ಆತ 1946ರಲ್ಲಿ 11 ನಿಯಮ ಬರೆದಿಟ್ಟಿದ್ದಾನೆ: ಡಿಕಾಕ್ಷನ್ ಮೊದಲು, ಹಾಲು ಆಮೇಲೆ, ಸಕ್ಕರೆ ಕೂಡದು. "ಆತ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಲ್ಲವೇ ಭಾವ?" ಎಂದೆ. ಕೇಳಿಸಲಿಲ್ಲ. 11ನೆಯದು ಮುಗಿಯುವಷ್ಟರಲ್ಲಿ ಟೀ ಆರಿತ್ತು.

ಆಗ ಪಕ್ಕದ ಮೇಜಿನ ಅಜ್ಜಿ, ಅದೇ ಊರಿನವರು, ಸ್ಕೋನಿಗೆ ಧಾರಾಳವಾಗಿ ಜಾಮು ಮೆತ್ತಿ, ಅದರ ಮೇಲೆ ಕ್ರೀಮು ಪೇರಿಸಿ ಬಾಯಿಗಿಟ್ಟರು. ಭಾವನ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಹಬ್ಬ.

ಆದರೆ ಭಾವನ ಹೆಂಡತಿ, ಅಂದರೆ ನನ್ನ ಹೆಂಡತಿಯ ಅಕ್ಕ, ಹೇಳಿದ ಒಂದು ಸಂಗತಿ ನೆನಪಾಗಿ ಹಬ್ಬ ಅರ್ಧಕ್ಕೇ ನಿಂತಿತು. ಭಾವ ಹೊಸದಾಗಿ ಬಂದ ಕಾಲಕ್ಕೆ ಹಿರಿಯ ಡಾಕ್ಟರೊಬ್ಬರ ಮನೆಯಲ್ಲಿ, ಊರಿನ ರೂಢಿಯಂತೆ, ಟೀಯನ್ನು ಸಾಸರಿಗೆ ಬಗ್ಗಿಸಿ ಊದಿ ಕುಡಿದಿದ್ದರಂತೆ. ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೇ ಬೇರೆ ಕಡೆ ನೋಡಿದರಂತೆ, ಅಷ್ಟೆ. ಆ ರಾತ್ರಿಯಿಂದಲೇ ಇವರ ಅಭ್ಯಾಸ ಶುರು. ಊರಲ್ಲೇ ಹುಟ್ಟಿದ ಅಜ್ಜಿಗೆ ನಿಯಮ ಮುರಿಯುವ ಸಲಿಗೆಯಿದೆ. ಹೊರಗಿನಿಂದ ಬಂದವನು ಮಾತ್ರ ಎಷ್ಟು ವರ್ಷವಾದರೂ ಪಾಠ ಒಪ್ಪಿಸುತ್ತಲೇ ಇರಬೇಕು.

ಈ ಕನಿಕರದಲ್ಲಿ ನಾನು ಕರಗುತ್ತಿರುವಾಗಲೇ ಭಾವ ಬಿಲ್ಲು ಕೊಟ್ಟು, ಮೆಲ್ಲಗೆ ಕೇಳಿದರು: "ಕಾಫಿಪುಡಿ ತಂದಿದ್ದೀಯಲ್ಲ, ಚಿಕೋರಿ ಎಷ್ಟಿದೆ?"

"20 ಭಾಗ, ಭಾವ."

"ಚಿಕೋರಿ ಬೆರೆಸಿದ್ದನ್ನು ಸಕಲೇಶಪುರದವನ ಮುಂದೆ ಕಾಫಿ ಅಂತೀಯಲ್ಲಯ್ಯಾ!"

ಕಾರು ಮನೆ ತಲುಪುವವರೆಗೂ ಅದೇ ಪಾಠ.