ಬೇಸ್‌ಮೆಂಟಿನ ಬಾಣಂತನ

ಮಿನಿಯಾಪೊಲಿಸ್‌ನಲ್ಲಿ ಮಾರ್ಚ್ ಅಂದರೆ ಹೊರಗೆ ಹಿಮ, ಒಳಗೆ ಥರ್ಮೋಸ್ಟಾಟ್ ಜಗಳ. 66 ಡಿಗ್ರಿ ಫ್ಯಾರನ್‌ಹೀಟ್ ದಾಟಿಸಿದರೆ ಗ್ಯಾಸ್ ಬಿಲ್ ತೋರಿಸುವ ನಮ್ಮ ಯಜಮಾನರು, ಬೇಸ್‌ಮೆಂಟಿನಲ್ಲಿ ಮಟ್ಟುಗುಳ್ಳ ಬದನೆಯ ಬೀಜಗಳಿಗೆ ಮಾತ್ರ 80 ಡಿಗ್ರಿಯ ಹೀಟ್ ಮ್ಯಾಟ್ ಹಾಸಿದ್ದಾರೆ. ಹೆಂಡತಿ ಮಕ್ಕಳಿಗೆ ಎರಡೆರಡು ಸ್ವೆಟರ್.

ಮಣ್ಣು ಬೆಚ್ಚಗಿಲ್ಲದಿದ್ದರೆ ಬದನೆ ಬೀಜಕ್ಕೆ ಮೊಳೆಯುವ ಮನಸ್ಸೇ ಬರುವುದಿಲ್ಲ. ಇಲ್ಲೋ ಮೇ ಮಧ್ಯದವರೆಗೂ ರಾತ್ರಿ ಮಂಜು ಕಟ್ಟುವ ಭಯ. ಹಾಗಾಗಿ ಎಂಟು ವಾರ ಮೊದಲೇ, ಹೆಚ್ಚುಕಮ್ಮಿ ಯುಗಾದಿ ಹೊತ್ತಿಗೆ, ಮನೆಯೊಳಗೆ ಬಿತ್ತಬೇಕು. ಬೇವಿನೆಲೆ ಸಿಗದ ಯುಗಾದಿ ಕಳೆದದ್ದುಂಟು, ಬಿತ್ತನೆ ತಪ್ಪಿದ್ದಿಲ್ಲ. ಕನ್ನಡ ಕೂಟದ ಹಬ್ಬದಲ್ಲಿ ವೇದಿಕೆ ಮೇಲೆ ಮಕ್ಕಳು ಕುಣಿಯುತ್ತಿದ್ದರೆ, ಅಪ್ಪಂದಿರು ಹಿಂದೆ ನಿಂತು "ನಿಮ್ಮ ಮೆಣಸು ಎಷ್ಟೆಲೆ ಬಿಟ್ಟಿತು?" ಅಂತ ಪಿಸುಗುಡುತ್ತಿರುತ್ತಾರೆ.

ಮೊಳಕೆ ಬಂದ ಮೇಲೆ ದೀಪದ ಪರ್ವ. ಕೆಂಪು, ನೀಲಿ ಎಲ್‌ಇಡಿ ಸೇರಿ ಇಡೀ ಬೇಸ್‌ಮೆಂಟ್ ನೇರಳೆ. ಬೆಳಕು ಸಾಲದಿದ್ದರೆ ಸಸಿ ಅದನ್ನು ಹುಡುಕುತ್ತಾ ಸಣಕಲಾಗಿ ಉದ್ದಕ್ಕೆ ಬೆಳೆದು ಮಗುಚಿಕೊಳ್ಳುತ್ತದಂತೆ. ಅದಕ್ಕೇ ಇವರು ದಿನಾ ಸ್ಕೇಲ್ ಹಿಡಿದು ಸರಪಳಿಯಲ್ಲಿ ದೀಪವನ್ನು ಏರಿಸಿ ಇಳಿಸುತ್ತಾರೆ. ಟೈಮರ್ ಬೇರೆ. ಮಕ್ಕಳನ್ನು ಎಬ್ಬಿಸಿ ಎಬ್ಬಿಸಿ ಗಂಟಲು ಹರಿದುಹೋದ ಈ ಮನೆಯಲ್ಲಿ ಬದನೆ ಸಸಿಗಳು ಬೆಳಗ್ಗೆ ಆರಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುತ್ತವೆ.

ಏಪ್ರಿಲ್‌ನಲ್ಲಿ ಉಡುಪಿಯಿಂದ ಅತ್ತೆ ಬಂದರು. ಮೆಟ್ಟಿಲಿಳಿದವರೇ ಮೂಗಿನ ಮೇಲೆ ಬೆರಳಿಟ್ಟರು. "ಎಂತ ಮಾರಾಯ ಇದು! ನನ್ನ ಬಾಣಂತನಕ್ಕೂ ಇಷ್ಟು ಉಪಚಾರ ಇರ್ಲಿಲ್ಲ. ಫ್ಯಾನ್ ಎಂತಕ್ಕೆ?"

"ಗಾಳಿಗೆ ಅಲುಗಾಡಿದ್ರೆ ಕಾಂಡ ಗಟ್ಟಿ ಆಗ್ತದಮ್ಮ."

"ನಿನಗೆ ಯಾರು ಫ್ಯಾನ್ ಹಾಕಿದ್ದು? ನೀನು ಗಟ್ಟಿ ಇಲ್ವಾ?"

ಅತ್ತೆಯ ಪ್ರಕಾರ ಬಚ್ಚಲ ನೀರು ಹೋಗುವಲ್ಲಿ ಬೀಜ ಎಸೆದರೆ ಮುಗಿಯಿತು, ಉಳಿದದ್ದು ಅದರ ಹಣೆಬರಹ. ಮೇಲಾಗಿ ಇದು ಗುಳ್ಳವೇ ಅಲ್ಲ, ಬರೀ ಬದನೆ. ವಾದಿರಾಜರು ಬೀಜ ಕೊಟ್ಟರೆಂಬ ಪ್ರತೀತಿಯ, 2011ರಲ್ಲಿ ಜಿಐ ಮಾನ್ಯತೆ ಪಡೆದ, ಕೃಷ್ಣಮಠಕ್ಕೆ ಸಲ್ಲುವ ಗುಳ್ಳ ಮಟ್ಟುವಿನ ಮಣ್ಣಲ್ಲೇ ಆಗಬೇಕು. ಕಾನೂನಿನ ಮಟ್ಟಿಗೆ ಅತ್ತೆಯ ಮಾತೇ ಸರಿ. ಆದರೂ ವಾರದೊಳಗೆ, ಮೊಮ್ಮಕ್ಕಳಿಗಿಂತ ಮೊದಲು ಟ್ರೇಗಳನ್ನು ನೋಡಿ ಬಂದೇ ಅವರು ಕಾಫಿ ಕುಡಿಯತೊಡಗಿದರು.

ಮೇನಲ್ಲಿ ಸಸಿಗಳಿಗೆ ಬಿಸಿಲಿನ ಅಭ್ಯಾಸ. ಮೊದಲ ದಿನ ಒಂದು ಗಂಟೆ ಹೊರಗೆ, ಮರುದಿನ ಎರಡು, ಹೀಗೆ ವಾರವಿಡೀ ಹೊತ್ತು ತರುವುದು, ಹೊತ್ತು ಒಯ್ಯುವುದು. ಮೊಲಗಳ ಕಾಟಕ್ಕೆ ಡೆಕ್ ಮೇಲೆ ಅತ್ತೆಯ ಪಹರೆ.

ಆಗಲೇ ಪಕ್ಕದ ಮನೆಯವರು ಬೇಲಿ ಬಳಿ ಬಂದದ್ದು. ವಾರಗಟ್ಟಲೆ ನಮ್ಮ ಕಿಟಕಿಯ ನೇರಳೆ ಬೆಳಕು ನೋಡಿದವರು. ಮಿನ್ನೆಸೋಟದಲ್ಲಿ 2023ರಿಂದ ಮನೆಯಲ್ಲಿ ಎಂಟು ಗಾಂಜಾ ಗಿಡಗಳವರೆಗೆ ಬೆಳೆಯಬಹುದು. ಕಣ್ಣು ಮಿಟುಕಿಸಿ ಕೇಳಿದರು: "ಎಷ್ಟು ಗಿಡ?"

"ನಲವತ್ತು!" ಇವರ ಎದೆಯುಬ್ಬಿತು.

"ನಲವತ್ತಾ? ಎಲ್ಲಾ ನಿಮಗೇನಾ?"

"ಛೆ ಛೆ, ಹೆಚ್ಚಿನದ್ದು ಕನ್ನಡ ಕೂಟದವರಿಗೆ ಹಂಚ್ತೇವೆ. ನಮ್ಮ ಮಕ್ಕಳಿಗೆ ಅಷ್ಟು ಸೇರಲ್ಲ. ಅಮ್ಮನಿಗಾದರೆ ದಿನಾ ಇದ್ದರೂ ಆದೀತು."

ಡೆಕ್ ಮೇಲೆ ಕೂತಿದ್ದ ಅತ್ತೆ ನಗುತ್ತಾ ಅವರಿಗೆ ಕೈಬೀಸಿದರು.